ಪೊಂಪೈಯ ನಾಗ, ಆಚೆಮನೆಯ ಅಕ್ಕ

ಊಟ ಮೊದಲು, ನಾಗ ಆಮೇಲೆ. ನಡೆದದ್ದು ಅಷ್ಟೆ. ಅವಳು ಹೊಟ್ಟೆಯೊಳಗೆ ಹಂದಿಮಾಂಸವನ್ನೂ ಬಗೆಬಗೆಯ ವೈನನ್ನೂ ಸೇರಿಸಿಕೊಂಡು ಬೀದಿಬದಿಯ ಕಲ್ಲಿನ ಮೇಲೆ ಕಾಲು ನೀಡಿ ಕೂತಿದ್ದಳು. ಗೋಡೆಯ ಮೇಲಿದ್ದ ನಾಗನನ್ನು ಕಂಡವಳು ನಾನು. ಚಪ್ಪಲಿ ಕಳಚಿ ಕೈಮುಗಿದವಳು ನಾನು. ನೀರೆರೆದವಳೂ ನಾನೇ. ಈಗ ನರಿಮೊಗರಿನಿಂದ ಸುಳ್ಯದ ತನಕ ಯಾರನ್ನು ಬೇಕಾದರೂ ಕೇಳಿ, ರೋಮಿನವರ ಹಾಳೂರಿನಲ್ಲಿ ನಾಗನಿಗೆ ತನು ಎರೆದು ಬಂದ ಹೆಂಗಸು ಎಂದರೆ ಅವಳು. ನಾನು ಅವಳ ಸಂಗಡ ಹೋದವಳು.

ತನು ಎರೆಯುವುದು ಎಂದರೆ ನಮ್ಮ ಕಡೆ ನಾಗನ ಕಲ್ಲಿಗೆ ಹಾಲು, ಸೀಯಾಳದ ನೀರು ಎರೆಯುವುದು. ಗೊತ್ತಿಲ್ಲದವರಿಗೆ ಹೇಳಿದೆ.

ಅವಳು ಸತ್ತಳು. ಬಚ್ಚಲಲ್ಲಿ ಜಾರಿದ್ದು ನೆಪ, ಪುತ್ತೂರಿನ ಆಸ್ಪತ್ರೆಯಲ್ಲಿ ಮಲಗಿದ್ದು ಸ್ವಲ್ಪ ದಿನ, ಮುಗಿಯಿತು. ಸತ್ತವರ ವಿಷಯ ಒಳ್ಳೆಯದನ್ನೇ ಹೇಳಬೇಕು ಅನ್ನುತ್ತಾರೆ. ಒಳ್ಳೆಯದನ್ನು ಹೇಳುವವರು ಊರು ತುಂಬ ಇದ್ದಾರೆ. ನಾನು ಇದ್ದದ್ದನ್ನು ಹೇಳುತ್ತೇನೆ.

ಅವಳ ಮನೆಗೂ ನಮ್ಮ ಮನೆಗೂ ನಡುವೆ ಒಂದು ದಾಸವಾಳದ ಬೇಲಿ. ಅದರಲ್ಲಿ ಒಂದು ಕಂಡಿ ಮಾಡಿಕೊಂಡಿದ್ದವಳು ಅವಳೇ, ಗೇಟಿನ ತನಕ ಸುತ್ತಿಕೊಂಡು ಬರಲು ಪುರುಸೊತ್ತಿಲ್ಲ ಎಂದು. ಅವಳು ಸುಳ್ಯದ ಕಡೆಯಿಂದ ಮದುವೆಯಾಗಿ ಬಂದವಳು, ಅರೆಭಾಷೆ ಮಾತಾಡುವವರ ಮನೆ. ನಾನು ಇಚಿಲಂಪಾಡಿಯಿಂದ ಬಂದವಳು. ವಯಸ್ಸಿನಲ್ಲಿ ಅವಳು ನನಗಿಂತ ದೊಡ್ಡವಳಲ್ಲ. ಅವಳ ಗಂಡ ನನ್ನ ಗಂಡನಿಗಿಂತ ದೊಡ್ಡವರು ಎಂಬ ಒಂದೇ ಕಾರಣಕ್ಕೆ, ಬಂದ ವಾರದಲ್ಲೇ ನನ್ನ ಬಾಯಲ್ಲಿ ಅಕ್ಕ ಎನ್ನಿಸಿಕೊಂಡಳು. ಆಮೇಲೆ ಬದಲಿಸಲು ಆಗಲಿಲ್ಲ.

ನೋಡಲಿಕ್ಕೆ ಗಿಡ್ಡ, ಉಂಡೆಯ ಹಾಗೆ ಉರುಟು. ಏನನ್ನಾದರೂ ರುಚಿ ನೋಡುವಾಗ ಒಂದು ಕಣ್ಣು ಮುಚ್ಚುತ್ತಿದ್ದಳು. ಏನನ್ನಾದರೂ ಹೇಳುವ ಮೊದಲು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಎಡ ಅಂಗೈಗೆ ಬಲ ಅಂಗೈಯಿಂದ ಒಂದು ಪೆಟ್ಟು ಹಾಕುತ್ತಿದ್ದಳು. ಆ ಸದ್ದಿಗೆ ಮದುವೆಮನೆಯಲ್ಲಿ ತರಕಾರಿ ಹೆಚ್ಚುವವರೂ ಕತ್ತಿ ನಿಲ್ಲಿಸುತ್ತಿದ್ದರು. ಎಲ್ಲ ಹೇಳಿ ಮುಗಿಸಿದ ಮೇಲೆ ಕೊನೆಗೆ ಒಂದು ಮಾತು ಇದ್ದೇ ಇತ್ತು: "ನಾನು ಕಂಡದ್ದು ಹೇಳುದು ಮಾರಾಯ್ತಿ. ಸುಳ್ಳು ಹೇಳಿ ನನಗೆಂತ ಆಗ್ಬೇಕು?"

ಅವಳು ಕಂಡದ್ದು ಕಡಿಮೆ. ಕಂಡದ್ದು ನಾನು.

ಕಾಡುಕೋಣದ ಸಂಗತಿಯನ್ನೇ ನೋಡಿ. ಒಂದು ಬೆಳಗ್ಗೆ ಹಾಲು ಕರೆಯಲು ಹೋದಾಗ ಹಟ್ಟಿಯ ಹಿಂದೆ ದನದ ಬಾನಿಗೆ ಬಾಯಿ ಹಾಕಿ ಒಂದು ಕೋಣ ನೀರು ಕುಡಿಯುತ್ತಿತ್ತು. ದೊಡ್ಡದು. ನಾನು ಚೆಂಬು ಅಲ್ಲೇ ಇಟ್ಟು ಹಿಂದೆ ಹಿಂದೆ ನಡೆದು ಒಳಗೆ ಬಂದು ಬಾಗಿಲು ಹಾಕಿದೆ. ಸ್ವಲ್ಪ ಹೊತ್ತಿಗೆ ಅದು ಹೋಯಿತು. ಬೇಲಿಯ ಕಂಡಿಯಲ್ಲಿ ನಿಂತು ಅವಳಿಗೆ ಹೇಳಿದೆ, ಕೋಣ ಬಂದಿತ್ತು, ನೀರು ಕುಡಿದು ಹೋಯಿತು ಎಂದು. ಸಂಜೆ ಹಾಲಿನ ಸೊಸೈಟಿಗೆ ಹೋದರೆ ಅಲ್ಲಿ ಜನ ಸೇರಿದ್ದಾರೆ, ನಡುವೆ ಅವಳು. ಅಂಗೈಗೆ ಪೆಟ್ಟು ಬಿದ್ದಾಗಿತ್ತು. ಕೋಣ ತಲೆ ಎತ್ತಿ ಅವಳನ್ನು ನೋಡಿತಂತೆ. ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತಂತೆ. ನಾನು ನಿನ್ನ ತಂಟೆಗೆ ಬರುದಿಲ್ಲ, ನೀನು ನನ್ನ ತಂಟೆಗೆ ಬರ್ಬೇಡ ಅಂತ ಅವಳು ಹೇಳಿದಳಂತೆ, ಕೋಣ ತಲೆ ಆಡಿಸಿತಂತೆ. ನಾನು ಕ್ಯಾನು ಹಿಡಿದುಕೊಂಡು ಹಿಂದೆ ನಿಂತಿದ್ದೆ. ಅದು ನನ್ನ ಕೋಣ, ಆದರೆ ಕಿವಿಯನ್ನು ಅತ್ತ ಕೊಡದೆ ಇರಲು ಆಗಲಿಲ್ಲ. ನಾನು ಕಂಡ ಕೋಣಕ್ಕಿಂತ ಅವಳು ಕಾಣದ ಕೋಣ ದೊಡ್ಡದಿತ್ತು.

ಒಳ್ಳೆಯದೇ ಇರಲಿಲ್ಲವೇ ಎಂದರೆ, ಇತ್ತು. ನನ್ನ ಕಾಲು ಮುರಿದಾಗ ಅಷ್ಟೂ ದಿನ ನಮ್ಮ ದನದ ಹಾಲು ಕರೆದವಳು ಅವಳು. ಅದನ್ನೂ ಚೆನ್ನಾಗಿಯೇ ಹೇಳಿಕೊಂಡಳು.

ಅವಳ ಮಗನಿಗೆ ಪುತ್ತೂರಿನಲ್ಲಿ ಪಂಪು, ಪೈಪುಗಳ ಅಂಗಡಿ. ಹೆಚ್ಚು ಪೈಪು ಮಾರಿದ ಅಂಗಡಿಯವರನ್ನು ಕಂಪೆನಿಯವರು ಫಾರಿನ್ನಿಗೆ ಕರೆದುಕೊಂಡು ಹೋಗುವ ಕ್ರಮ ಉಂಟು. ಆ ವರ್ಷ ಇಟಲಿ. ಗಂಡ ಹೆಂಡತಿಗೆ ಎಂದು ಎರಡು ಸೀಟು. ಹೊರಡುವ ಹೊತ್ತಿಗೆ ಸೊಸೆ ಬಸುರಿ, ವಿಮಾನ ಬೇಡ ಎಂದರು ಡಾಕ್ಟರು. ಅವಳನ್ನು ಬಿಟ್ಟು ನಾನು ಹೋಗುವುದಿಲ್ಲ ಎಂದ ಮಗ. ಬೇರೆ ಯಾರನ್ನಾದರೂ ಕಳಿಸಬಹುದು ಎಂದಿತು ಕಂಪೆನಿ. ಇವಳು ಸೆರಗು ಸಿಕ್ಕಿಸಿದಳು.

ಅವಳ ಗಂಡ ತೀರಿಹೋಗಿ ಆಗಲೇ ವರ್ಷಗಳಾಗಿದ್ದವು. ಇನ್ನೊಂದು ಸೀಟಿಗೆ ಪಾಸ್‌ಪೋರ್ಟು ಇದ್ದವರು ಯಾರು ಎಂದು ಹುಡುಕಿದರೆ ಹತ್ತಿರದಲ್ಲಿ ನಾನೇ. ಮಗಳ ಬಾಣಂತನಕ್ಕೆ ಮಸ್ಕತ್ತಿಗೆ ಹೋಗುವಾಗ ಮಾಡಿಸಿದ್ದು ಕಪಾಟಿನಲ್ಲಿತ್ತು. ಕಂಡಿಯಲ್ಲಿ ಬಂದು ಕೇಳಿದಳು. ಕೇಳಿದ್ದಲ್ಲ, ಹೇಳಿದ್ದು.

"ಬಾ, ನಿನಗೆ ಇಟಲಿ ತೋರಿಸಿಕೊಂಡು ಬರ್ತೇನೆ."

ಅವಳು ಅದಕ್ಕಿಂತ ಮೊದಲು ವಿಮಾನವನ್ನು ಕಂಡದ್ದು ತಲೆಯ ಮೇಲೆ ಹಾರುವಾಗ ಮಾತ್ರ. ಮಂಗಳೂರಿನಲ್ಲಿ ಹತ್ತಿದ ಮೇಲೆ ಅವಳ ಸೊಂಟದ ಬೆಲ್ಟು ಹಾಕಿದ್ದು ನಾನು, ಕಿವಿ ಕಟ್ಟಿದಾಗ ಉಗುಳು ನುಂಗು ಎಂದು ಹೇಳಿಕೊಟ್ಟದ್ದು ನಾನು. ಊರಿಗೆ ಬಂದ ಮೇಲೆ ಆ ಬೆಲ್ಟನ್ನು ಅವಳು ನನಗೆ ಹಾಕಿದ್ದಾಗಿ ಹೋಯಿತು.

ನಾವು ಇದ್ದ ಹೋಟೆಲಿನಿಂದ ಒಂದು ದಿನದ ಪ್ರಯಾಣ. ಬೆಳಗ್ಗೆ ಪೊಂಪೈ ಎಂಬ ಹಳೆಯ ಊರು, ಮಧ್ಯಾಹ್ನ ವೈನ್ ಮಾಡುವವರ ತೋಟದಲ್ಲಿ ಊಟ. ಪೊಂಪೈ ಎಂದರೆ ರೋಮಿನ ರಾಜರ ಕಾಲದ ಪೇಟೆ. ಪಕ್ಕದ ಗುಡ್ಡ ಬೆಂಕಿ ಉಗುಳಿ, ಬೂದಿ ಬಿದ್ದು, ಜನ ಮನೆ ಎಲ್ಲ ಹೂತುಹೋಗಿ, ಮತ್ತೆ ಅಗೆದು ತೆಗೆದದ್ದು. ಇದನ್ನೆಲ್ಲ ಕಂಪೆನಿಯ ಮ್ಯಾನೇಜರ್ ಬಸ್ಸಿನಲ್ಲಿ ಮೈಕು ಹಿಡಿದು ಹೇಳಿದ. ಕೇಳಿದವರು ಕಡಿಮೆ. ಡೀಲರುಗಳೆಲ್ಲ ಹಿಂದಿನ ದಿನದಿಂದಲೇ ಆ ಊಟಕ್ಕೆ ಕಾಯುತ್ತಿದ್ದವರು. ಪೊಂಪೈಯ ಬಾಗಿಲಲ್ಲಿ ಉದ್ದ ಸಾಲು ಕಂಡದ್ದೇ ಸುಳ್ಯದ ಒಬ್ಬ ಡೀಲರ್ ಎದ್ದು ನಿಂತ.

"ಎರಡು ಸಾವಿರ ವರ್ಷ ಕಾದ ಊರು, ಊಟ ಮುಗಿಯುವ ತನಕ ಕಾಯುದಿಲ್ವಾ ಮಾರಾಯ್ರೆ?"

ಬಸ್ಸು ತಿರುಗಿತು. ಹಾಗೆ ಊಟ ಮೊದಲಾದದ್ದು. ಈ ಒಂದು ತಿರುವನ್ನು ನೆನಪಿಟ್ಟುಕೊಳ್ಳಿ.

ತೋಟ ಇದ್ದದ್ದು ಆ ಬೆಂಕಿಯ ಗುಡ್ಡದ ಬುಡದಲ್ಲೇ. ಮಣ್ಣು ಕಪ್ಪು, ಕೈಯಲ್ಲಿ ಹಿಡಿದರೆ ಒಲೆಯ ಬೂದಿಯ ಹಾಗೆ ಹಗುರ. ನಾವು ಬಸಳೆಗೆ ಚಪ್ಪರ ಹಾಕುತ್ತೇವಲ್ಲ, ಅವರು ದ್ರಾಕ್ಷಿಗೆ ಹಾಗೆ ಹಾಕಿ ಅದರ ಅಡಿಯಲ್ಲಿ ಮೇಜು ಜೋಡಿಸಿದ್ದರು. ರೊಟ್ಟಿ, ಟೊಮೆಟೊ, ಚೀಸು, ಹಂದಿಮಾಂಸದ ತುಂಡುಗಳು. ತೋಟದ ಯಜಮಾನಿ ನಮ್ಮ ವಯಸ್ಸಿನವಳೇ, ಕೈಯಲ್ಲಿ ಬಾಟ್ಲಿ ಹಿಡಿದು ತಾನೇ ಬಡಿಸುತ್ತಿದ್ದಳು.

ಅದು ಸೋಮವಾರ. ಸೋಮವಾರ ನನಗೆ ಒಪ್ಪೊತ್ತು, ದಿನಕ್ಕೆ ಒಂದೇ ಊಟ, ಮೀನು ಮಾಂಸ ಇಲ್ಲ, ಮತ್ತಿನದ್ದು ಕೇಳುವುದೇ ಬೇಡ. ಅವಳಿಗೂ ಊರಿನಲ್ಲಿ ಸೋಮವಾರ ಒಪ್ಪೊತ್ತೇ. ನಾನು ನೆನಪು ಮಾಡಿದೆ. ಅವಳು ಮ್ಯಾನೇಜರನ ಹತ್ತಿರ ಗಂಟೆ ಕೇಳಿದಳು. ಬೆರಳು ಮಡಚಿ ಬಿಡಿಸಿ ನನ್ನ ಕಡೆ ತಿರುಗಿದಳು.

"ಊರಿನಲ್ಲಿ ಈಗ ಹೊತ್ತು ಇಳಿಯಿತು, ಇನ್ನು ದೀಪ ಹಚ್ಚುದೇ. ಒಪ್ಪೊತ್ತು ಮುಗೀತು. ತಿನ್ನು ಮಾರಾಯ್ತಿ."

ನಾನು ತಿನ್ನಲಿಲ್ಲ. ನನಗೂ ಆ ಕೆಂಪಿನದ್ದರ ಒಂದು ಗುಟುಕು ನೋಡಬೇಕು ಅಂತ ಇತ್ತು. ಬರೆಯಲಿಕ್ಕೆ ನಾಚಿಕೆ ಎಂತದ್ದು, ಇತ್ತು. ಆದರೆ ಸೋಮವಾರ ಆಗಿ ಹೋಯಿತು. ರೊಟ್ಟಿಯನ್ನು ಟೊಮೆಟೊಗೆ ಅದ್ದಿ ಜಗಿಯುತ್ತಾ ಅವಳನ್ನು ನೋಡಿದೆ.

ಯಜಮಾನಿ ಗ್ಲಾಸನ್ನು ಹೇಗೆ ತಿರುಗಿಸಬೇಕು, ಹೇಗೆ ಮೂಸಬೇಕು ಎಂದು ತೋರಿಸಿದಳು. ಡೀಲರುಗಳು ತಿರುಗಿಸಿ ಅಂಗಿಗೆ ಚೆಲ್ಲಿಕೊಂಡರು. ಇವಳು ಒಂದು ತೊಟ್ಟು ಹೊರಗೆ ಹೋಗದ ಹಾಗೆ ತಿರುಗಿಸಿ, ಮೂಸಿ, ಬಾಯಿಗೆ ಬಿಟ್ಟು, ಒಂದು ಕಣ್ಣು ಮುಚ್ಚಿದಳು. ಇದು ನಮ್ಮ ದ್ರಾಕ್ಷಾಸವ ಅಲ್ಲವಾ, ಬಾಣಂತಿಗೆ ಕೊಡುವುದು, ನೀವು ಸ್ವಲ್ಪ ಲವಂಗ ಹಾಕಲು ಮರೆತಿದ್ದೀರಿ ಎಂದಳು. ಮ್ಯಾನೇಜರ್ ಅದನ್ನು ಇಂಗ್ಲಿಷಿಗೆ ಹಾಕಿದ, ಅಲ್ಲಿಯವ ಒಬ್ಬ ಇಟಲಿಯ ಭಾಷೆಗೆ ಹಾಕಿದ. ಯಜಮಾನಿ ನಕ್ಕು ಬಂದು ಪಕ್ಕದಲ್ಲೇ ಕುರ್ಚಿ ಎಳೆದು ಕೂತಳು. ಆಮೇಲೆ ಬೇರೆಯವರ ಗ್ಲಾಸಿಗಿಂತ ಇವಳ ಗ್ಲಾಸು ಬೇಗ ಬೇಗ ತುಂಬಿತು.

ಮತ್ತೆ ಇವಳು ಎಡ ಅಂಗೈಗೆ ಪೆಟ್ಟು ಹಾಕಿದಳು. ಹೇಳಿದ್ದು ಎಂತದ್ದು ಅಂತ ಅಂದುಕೊಂಡಿರಿ? ಕೋಣ. ನನ್ನ ಕೋಣ. ಬಾನಿ, ಮೀಸೆಯ ನೀರು, ತಲೆ ಆಡಿಸಿದ್ದು, ಎಲ್ಲ. ಮಾತು ಎರಡು ಕೈ ದಾಟಿ ಹೋಗುವ ಮೊದಲೇ ಯಜಮಾನಿ ಕೆನ್ನೆಗೆ ಕೈ ಇಟ್ಟಾಗಿತ್ತು. ಹೊರಡುವಾಗ ಅವಳು ಇವಳನ್ನು ತಬ್ಬಿಕೊಂಡಳು. ನನಗೆ ಕೈ ಕೊಟ್ಟಳು.

ಅಲ್ಲಿಂದ ಪೊಂಪೈ. ಬಿಸಿಲು ಏರಿತ್ತು. ಬೀದಿಗೆಲ್ಲ ದೊಡ್ಡ ದೊಡ್ಡ ಕಲ್ಲು ಹಾಸಿದ್ದಾರೆ, ಗಾಡಿಯ ಚಕ್ರ ಉರುಳಿ ಉರುಳಿ ಗೆರೆ ಬಿದ್ದಿದೆ. ಬೀದಿ ದಾಟಲು ನಮ್ಮ ತೋಡಿಗೆ ಇಟ್ಟ ಹಾಗೆ ಎತ್ತರದ ಕಲ್ಲು ಇಟ್ಟಿದ್ದಾರೆ. ಇವಳ ಮಂಡಿ ಮೊದಲೇ ಸರಿ ಇಲ್ಲ, ಈಗ ವೈನು ಬೇರೆ. ಒಂದು ಕಲ್ಲಿನಿಂದ ಇನ್ನೊಂದು ಕಲ್ಲಿಗೆ ದಾಟಿಸಲು ನನ್ನ ಹೆಗಲು ಬೇಕಾಯಿತು.

ಒಂದು ಓಣಿಯಲ್ಲಿ ಗಂಡಸರೆಲ್ಲ ಒಂದು ಸಣ್ಣ ಮನೆಯ ಎದುರು ಸಾಲು ನಿಂತರು. ಒಳಗೆ ಎಂತದ್ದು ಉಂಟು ಎಂದು ನಾನು ಮ್ಯಾನೇಜರನನ್ನು ಕೇಳಿದೆ. ಅವನ ಬಾಯಿ ಹೇಳಲಿಲ್ಲ, ಮುಖ ಹೇಳಿತು, ಆ ಕಾಲದ ಸೂಳೆಯರ ಮನೆ ಎಂದು. ಸುಳ್ಯದ ಡೀಲರ್ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಇದ್ದ. ಉಳಿದ ಡೀಲರುಗಳು ಹೆಂಡತಿಯ ಸೀಟಿನಲ್ಲಿ ತಮ್ಮನನ್ನೋ ಸ್ನೇಹಿತನನ್ನೋ ಕರೆತಂದಿದ್ದರು, ಹೆಂಗಸರೆಂದರೆ ನಾವಿಬ್ಬರೇ, ಹಿಂದೆ ಉಳಿದೆವು. ಅವಳು ಒಂದು ಕಲ್ಲಿನ ಮೇಲೆ ಕೂತು ಮಂಡಿ ತಿಕ್ಕಲು ಶುರು ಮಾಡಿದಳು.

ನನಗೆ ಬೆಳಗ್ಗಿನಿಂದ ಒಂದೇ ಯೋಚನೆ ಇತ್ತು. ಕಂಬ ತೋರಿಸಿದರು, ಸ್ನಾನದ ಮನೆ ತೋರಿಸಿದರು, ಈ ಜನ ಬೇಯಿಸುತ್ತಿದ್ದದ್ದು ಎಲ್ಲಿ ಎಂದು ಒಬ್ಬನೂ ತೋರಿಸಲಿಲ್ಲ. ಎದುರಿನ ಒಂದು ಮನೆಯ ಬಾಗಿಲು ತೆರೆದೇ ಇತ್ತು. ಹೋದೆ. ಹಿಂದುಗಡೆ ಒಂದು ಕತ್ತಲೆಯ ಕೋಣೆ, ಸೊಂಟದೆತ್ತರಕ್ಕೆ ಕಟ್ಟಿದ ದಿಣ್ಣೆ, ಅದರ ಅಡಿಯಲ್ಲಿ ಕಟ್ಟಿಗೆ ಇಡುವ ಗೂಡು. ನಿಂತು ಬೇಯಿಸುವ ಒಲೆ. ಸೈ, ಸೊಂಟಕ್ಕೆ ಒಳ್ಳೆಯದು ಎಂದುಕೊಂಡು ಪಕ್ಕಕ್ಕೆ ತಿರುಗಿದೆ.

ಗೋಡೆಯಲ್ಲಿ ನಾಗ. ಒಂದಲ್ಲ, ಎರಡು. ನೆಲದ ಹತ್ತಿರ ಹಸಿರು ಗಿಡಗಳ ನಡುವೆ ಒಂದು ಆಚೆಯಿಂದ, ಒಂದು ಈಚೆಯಿಂದ, ನಡುವೆ ಬರೆದ ಕಟ್ಟೆಯ ಕಡೆಗೆ ತಲೆ ಎತ್ತಿಕೊಂಡು ಬರುತ್ತಾ ಇವೆ. ಬಣ್ಣ ಅಲ್ಲಲ್ಲಿ ಉದುರಿದೆ. ಕಣ್ಣು ಹಾಗೇ ಇದೆ. ಕಟ್ಟೆಯ ಮೇಲೆ ಇವುಗಳಿಗೆಂದು ಇಟ್ಟ ಮೊಟ್ಟೆಯೂ ಬರೆದದ್ದು ಕಾಣುತ್ತದೆ.

ಅಡಿಗೆಕೋಣೆಗೆ ಚಪ್ಪಲಿ ಹಾಕಿಕೊಂಡು ಬಂದಿದ್ದೆನಲ್ಲ ಎಂದು ಮೊದಲು ಅದನ್ನು ಕಳಚಿದೆ. ನಮ್ಮಲ್ಲಿ ಮನೆ ಬಿದ್ದರೂ, ಪಾಲಾದರೂ, ಜನ ಎಲ್ಲೆಲ್ಲಿ ಹೋದರೂ ಪಂಚಮಿಗೆ ಯಾರಾದರೂ ಒಬ್ಬರು ಬಂದು ನಾಗನಿಗೆ ಎರೆಯುತ್ತಾರೆ. ಎರೆಯದಿದ್ದರೆ ಆಗುವುದೇ ಇಲ್ಲ. ಇಲ್ಲಿ ಎರೆಯುವವರೆಲ್ಲ ಒಂದೇ ದಿನ ಸತ್ತುಹೋದರು. ಅಂದಿನಿಂದ ಈ ನಾಗನಿಗೆ ತೊಟ್ಟು ನೀರಿಲ್ಲ. ಜನ ಬರುತ್ತಾರೆ, ಫೋಟೋ ತೆಗೆಯುತ್ತಾರೆ, ಹೋಗುತ್ತಾರೆ.

ಹೊರಗೆ ಬಂದು ಅವಳನ್ನು ಕರೆದೆ. ಒಲ್ಲದ ಮನಸ್ಸಿನಿಂದ ಎದ್ದು ಬಂದವಳು ನಾನು ನಾಗ ಅಂದದ್ದೇ ಹೊಸ್ತಿಲಲ್ಲಿ ನಿಂತುಬಿಟ್ಟಳು. ಒಂದು ಕೈ ಬಾಗಿಲ ಕಲ್ಲಿಗೆ, ಒಂದು ಕೈ ಬಾಯಿಗೆ.

"ನಾನು ಬರುದಿಲ್ಲ. ಹೊಟ್ಟೆಯಲ್ಲಿ ಎಂತೆಲ್ಲ ಉಂಟು. ನೀನು ನೋಡಿ ಹೇಳು. ಹೆಡೆ ಉಂಟಾ?"

"ಹೆಡೆ ಇಲ್ಲ. ತಲೆಯಲ್ಲಿ ಕೋಳಿಗೆ ಇದ್ದ ಹಾಗೆ ಜುಟ್ಟು ಉಂಟು. ಒಂದಕ್ಕೆ ಗಡ್ಡವೂ ಉಂಟು."

"ಹಾಗಾದ್ರೆ ಹಳತು. ತುಂಬಾ ಹಳತು. ಎರೆ ಮಾರಾಯ್ತಿ, ಇದ್ದದ್ದನ್ನು ಎರೆ. ನೀನು ಶುದ್ಧ ಉಂಟಲ್ಲ."

ವಯಸ್ಸಾದ ಸರ್ಪಕ್ಕೆ ಜುಟ್ಟು ಬರುತ್ತದೆ ಎಂದು ಇಚಿಲಂಪಾಡಿಯ ನನ್ನ ಅಜ್ಜಿಯೂ ಹೇಳುತ್ತಿದ್ದರು. ಹಾಲಿಗೆ ಎಲ್ಲಿಗೆ ಹೋಗುವುದು? ಕೈಯಲ್ಲಿ ನೀರಿನ ಬಾಟ್ಲಿ ಇತ್ತು. ಮುಚ್ಚಳ ತೆಗೆದು, ಗೋಡೆಗೆ ತಾಗದ ಹಾಗೆ, ಬುಡದಲ್ಲಿ ನೆಲಕ್ಕೆ ಎರೆದೆ. ಎರೆದವರ ಹೆಸರು ಹೇಳಬೇಕಲ್ಲ ಎಂದು ಹೇಳಲು ಬಾಯಿ ತೆರೆಯುವಾಗ ಹಿಂದಿನಿಂದ ಸೀಟಿ.

ಕಾವಲಿನವನು. ಬಾಟ್ಲಿ ತೋರಿಸುತ್ತಾನೆ, ನೆಲ ತೋರಿಸುತ್ತಾನೆ, ಬರಿಗಾಲು ತೋರಿಸುತ್ತಾನೆ, ಹೇಳುತ್ತಲೇ ಇದ್ದಾನೆ. ಫಾರಿನ್ನಿನಲ್ಲಿ ಪೊಲೀಸರು ಹಿಡಿದರೆ ಬಿಡಿಸುವವರು ಯಾರು?

ಆಗ ಅವಳು ಸೆರಗು ಸಿಕ್ಕಿಸಿದಳು. ಹೊಸ್ತಿಲಲ್ಲೇ ನಿಂತು, ಒಳಗೆ ಒಂದು ಹೆಜ್ಜೆಯೂ ಇಡದೆ, ಅವನಿಗೆ ಅರೆಭಾಷೆಯಲ್ಲಿ ಹೇಳಲು ಶುರು ಮಾಡಿದಳು. ನಾಗ ಯಾರು, ನಾವು ಯಾರು, ನೀರು ಯಾಕೆ, ಎಲ್ಲ. ಕೈಯನ್ನು ಹೆಡೆ ಮಾಡಿ ತೋರಿಸಿದಳು, ಮೇಲಿನಿಂದ ಬೂದಿ ಬಿದ್ದದ್ದನ್ನು ಬೆರಳಲ್ಲಿ ತೋರಿಸಿದಳು. ಅವನು ಬೈಯುವುದನ್ನು ನಿಲ್ಲಿಸಿದ. ಕೇಳಿದ. ಎಷ್ಟು ಅರ್ಥವಾಯಿತೋ ದೇವರಿಗೇ ಗೊತ್ತು. ಕೊನೆಗೆ ತಲೆ ಕೊಡವಿ, ಚಪ್ಪಲಿ ಹಾಕಿಕೊಂಡು ಹೊರಗೆ ನಡೆಯಿರಿ ಎಂದು ಕೈಯಲ್ಲೇ ಹೇಳಿ ಹೋದ. ಅಷ್ಟೆ. ಅವನು ಕೈಮುಗಿಯಲಿಲ್ಲ, ಅವನ ಕಣ್ಣಲ್ಲಿ ನೀರೂ ಬರಲಿಲ್ಲ. ಆ ಕಣ್ಣೀರು ಊರಿಗೆ ಬಂದ ಮೇಲೆ ಬಂದದ್ದು.

ಬಸ್ಸಿನಲ್ಲಿ ಅವಳು ನನ್ನ ಹೆಗಲ ಮೇಲೆ ತಲೆಯಿಟ್ಟು ಗೊರಕೆ ಹೊಡೆದಳು. ದ್ರಾಕ್ಷಿಯ ವಾಸನೆ. ನಾನು ಅಲುಗಾಡದೆ ಕೂತಿದ್ದೆ. ಇದನ್ನು ಮಾತ್ರ ನಾನೇ ಹೇಳಬೇಕು, ಇದು ನನ್ನದು ಎಂದು ದಾರಿಯುದ್ದಕ್ಕೂ ಮನಸ್ಸಿನಲ್ಲಿ ಮಾತು ಜೋಡಿಸಿದೆ.

ಜೋಡಿಸಿದ್ದು ದಂಡ. ಊರಿಗೆ ಬಂದ ದಿನ ನಾನು ಚೀಲ ಒಳಗಿಟ್ಟು ಕೈಕಾಲು ತೊಳೆದು ಬರುವಷ್ಟರಲ್ಲಿ ಅವಳ ಅಂಗಳದಲ್ಲಿ ಪೆಟ್ಟಿನ ಸದ್ದು ಕೇಳಿತು. ಕಂಡಿಯ ಹತ್ತಿರ ನಿಂತೆ. ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಪೊಂಪೈಗೆ ಹೋದರಂತೆ. ಯಾರೋ ಕರೆದ ಹಾಗೆ ಆಗಿ ಅವಳ ಕಾಲು ತಾನಾಗಿ ಆ ಮನೆಯ ಕಡೆ ತಿರುಗಿತಂತೆ. ಎರೆದಳಂತೆ. ಕಾವಲಿನವನು ಅತ್ತನಂತೆ. ಆಮೇಲೆ ಮಧ್ಯಾಹ್ನ, ಎಲ್ಲ ಮುಗಿದ ಮೇಲೆ, ದ್ರಾಕ್ಷಿ ತೋಟದಲ್ಲಿ ಊಟ. ಬಸ್ಸನ್ನು ಅವಳು ಹಿಂದಕ್ಕೆ ತಿರುಗಿಸಿದ್ದಳು. ಹೇಳುತ್ತಾ ಹೇಳುತ್ತಾ ಒಮ್ಮೆ ನನ್ನನ್ನು ನೋಡಿದಳು. ನಿಲ್ಲಿಸಲಿಲ್ಲ.

ಮರುದಿನ ಕೇಳಿಯೇ ಬಿಟ್ಟೆ, ಮೊದಲು ಕಂಡದ್ದು ನಾನಲ್ಲವಾ ಅಕ್ಕ ಎಂದು. ಅವಳು ಬುಟ್ಟಿಗೆ ದಾಸವಾಳ ಕೊಯ್ಯುತ್ತಿದ್ದಳು. ಕೈ ನಿಲ್ಲಿಸಲೂ ಇಲ್ಲ.

"ಕಂಡದ್ದು ನೀನೇ, ಯಾರು ಇಲ್ಲ ಅಂದದ್ದು? ಆದ್ರೆ ನೀನು ಹೇಳಿದ್ರೆ ಯಾರು ಕೇಳ್ತಾರೆ? ಅಷ್ಟು ದೊಡ್ಡ ಕೋಣವನ್ನು ಎರಡು ಮಾತಲ್ಲಿ ಮುಗಿಸಿದವಳು ನೀನು."

ಸ್ವಲ್ಪ ದಿನ ನಾನು ಕಂಡಿಯ ಕಡೆಗೆ ಹೋಗಲಿಲ್ಲ. ನನ್ನ ಗಂಡನ ಹತ್ತಿರ ಹೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ ಅಂದರು, ಕಂಡರೆ ಸಾಕಾ, ಹೇಳಲಿಕ್ಕೂ ಬರಬೇಕು. ಆಮೇಲೆ ಮನೆಯಲ್ಲಿ ನಾನು ಇಟಲಿಗೆ ಹೋಗಿ ನೀರು ಚೆಲ್ಲಿ ಬಂದವಳು.

ಅವಳು ಹೇಳಿ ಸುಮ್ಮನಿದ್ದಿದ್ದರೆ ಇರಲಿ. ಆ ವರ್ಷದ ನಾಗರ ಪಂಚಮಿಗೆ ಊರಿನ ನಾಗನ ಕಟ್ಟೆಗೆ ಅವಳು ಮನೆಯ ಸೀಯಾಳದ ಜೊತೆ ಇನ್ನೊಂದು ತಂದಳು. ಇದು ಆಚೆಯ ನಾಗನಿಗೆ, ಅಲ್ಲಿ ಎರೆಯುವವರು ಯಾರೂ ಇಲ್ಲ ಎಂದಳು. ಪೂಜೆಯ ಭಟ್ಟರು ಎರೆಯುವ ಮೊದಲು ಯಾರ ಹೆಸರಿಗೆ ಎಂದು ಕೇಳುತ್ತಾರಲ್ಲ, ಅವಳು ತನ್ನ ಹೆಸರು, ನಕ್ಷತ್ರ ಹೇಳಿದಳು. ಮರು ವರ್ಷವೂ ತಂದಳು. ಸಾಯುವ ತನಕ ತಂದಳು. ಜನ ಕಾದು ನೋಡುತ್ತಿದ್ದರು. ಶಾಲೆಯವರು ಕರೆದು ಮಕ್ಕಳೆದುರು ಮಾತಾಡಿಸಿ ಶಾಲು ಹೊದೆಸಿದರು. ಆ ಶಾಲು ಬಿಸಿಲಿಗೆ ಹಾಕಿದಾಗಲೆಲ್ಲ ಬೇಲಿಯ ಮೇಲೇ ಹಾಕುತ್ತಿದ್ದಳು, ನಮ್ಮ ಕಡೆಗೆ ಜರಿ ಬರುವ ಹಾಗೆ.

ಪ್ರತಿ ಪಂಚಮಿಗೂ ನಾನು ಸಾಲಿನಲ್ಲಿ ಅವಳ ಹಿಂದೆ ನಿಂತು ಆ ಎರಡನೆಯ ಸೀಯಾಳ ನೋಡುತ್ತಿದ್ದೆ. ನನಗೂ ಎರಡು ತರಬಹುದಿತ್ತು. ತಂದರೆ ಅವಳನ್ನು ನೋಡಿ ತಂದಳು ಅನ್ನುತ್ತಿದ್ದರು.

ಅವಳ ಉತ್ತರಕ್ರಿಯೆ ಪುತ್ತೂರಿನ ಒಂದು ಸಭಾಭವನದಲ್ಲಿ. ಊಟದ ಮೊದಲು ನುಡಿನಮನ ಎಂದು ಮೈಕು ಇಡುವುದು ಈಗ ನಮ್ಮಲ್ಲಿ ಎಲ್ಲರೂ ಮಾಡುತ್ತಾರೆ. ಅವಳ ಮಗ ಬಂದು ಚಿಕ್ಕಮ್ಮ, ನೀವು ಎರಡು ಮಾತು ಹೇಳಬೇಕು ಎಂದ. ಎರಡು ಮಾತು ನನಗೆ ಸಾಕು ಎಂದೆ.

ನನಗಿಂತ ಮೊದಲು ಸುಳ್ಯದ ಆ ಡೀಲರ್ ಎದ್ದ. ಪೊಂಪೈಯ ನಾಗನ ಕತೆ ಪೂರ್ತಿ ಹೇಳಿದ. ಬೆಳಗಿನ ಬಿಸಿಲು, ಖಾಲಿ ಹೊಟ್ಟೆ, ಕಾವಲಿನವನ ಕಣ್ಣೀರು. ತಾನು ಪಕ್ಕದಲ್ಲೇ ನಿಂತಿದ್ದೆ ಎಂದ. ಅವನು ನಿಂತಿದ್ದದ್ದು ಯಾವ ಮನೆಯ ಎದುರು ಎಂದು ನನಗೆ ಗೊತ್ತು. ಅವನ ಹೆಂಡತಿ ಮುಂದಿನ ಸಾಲಿನಲ್ಲೇ ಕೂತಿದ್ದಳು.

ಮೈಕು ನನ್ನ ಕೈಗೆ ಬಂತು. ಅವಳ ಫೋಟೋಕ್ಕೆ ಮಾಲೆ ಹಾಕಿದ್ದರು, ಫೋಟೋದಲ್ಲಿ ಹೊದ್ದಿದ್ದದ್ದು ಅದೇ ಶಾಲು. ನಾನು ಹೇಳಿದೆ:

"ಊಟ ಮೊದಲು, ನಾಗ ಆಮೇಲೆ. ಅವಳು ವೈನ್ ಕುಡಿದಿದ್ದಳು, ಒಳಗೆ ಬರ್ಲಿಲ್ಲ. ಕಂಡದ್ದು ನಾನು, ಎರೆದದ್ದು ನಾನು."

ಹಿಂದೆ ಯಾರೋ ಒಬ್ಬರು ನಕ್ಕರು. ಆಮೇಲೆ ಎಲ್ಲರೂ ನಕ್ಕರು, ಅವಳ ಮಗನೂ ಕಣ್ಣೊರೆಸಿಕೊಂಡು ನಕ್ಕ. ಮೈಕು ತಿರುಗಿ ತೆಗೆದುಕೊಂಡವನು, ಇಷ್ಟು ವರ್ಷದ ನೆರೆಕರೆ, ಅಮ್ಮನ ತಮಾಷೆ ಇವರಲ್ಲಿ ಉಳಿದಿದೆ ನೋಡಿ ಎಂದ. ಊಟಕ್ಕೆ ಕೂತಾಗ ಪಕ್ಕದ ಎಲೆಯ ಹೆಂಗಸು ನನ್ನ ಕೈ ಹಿಡಿದುಕೊಂಡಳು.

"ಬೇರೆಯವರದ್ದನ್ನು ನಾನೇ ಕಂಡದ್ದು ಅಂತ ಹೇಳುದು ಅವರ ಅಭ್ಯಾಸ ಅಲ್ವಾ? ಈಗ ನಿಮಗೂ ಬಂತು."

ಅಂದರೆ ಎಲ್ಲರಿಗೂ ಗೊತ್ತಿತ್ತು. ಅವಳು ಬೇರೆಯವರದ್ದನ್ನು ತನ್ನದು ಮಾಡಿ ಹೇಳುತ್ತಾಳೆ ಎಂದು ಊರಿಗೇ ಗೊತ್ತಿತ್ತು, ಗೊತ್ತಿದ್ದೂ ಕೇಳುತ್ತಿದ್ದರು. ನಾನು ನಿಜ ಹೇಳಿದರೆ ಅದು ಅವಳಿಂದ ಕಲಿತದ್ದಾಯಿತು. ಪಾಯಸ ಎರಡನೇ ಸಲ ಬಂದಾಗ ಬೇಡ ಎಂದೆ.

ಹೊರಡುವಾಗ ಅವಳ ಮಗ ಗೇಟಿನ ತನಕ ಬಂದ. ನಾಳೆಯೇ ಪಂಚಮಿ, ಸಾವಾದ ವರ್ಷ ನಾವು ಹಬ್ಬ ಮಾಡುವ ಹಾಗಿಲ್ಲ, ಅಮ್ಮನ ಆ ಸೀಯಾಳ ಈ ಸಲ ತಪ್ಪುತ್ತದೆ ಚಿಕ್ಕಮ್ಮ ಎಂದ.

ಮರುದಿನ ಬೆಳಗ್ಗೆ ಎದ್ದು, ಮಿಂದು, ಎರಡು ಸೀಯಾಳ ತೆಗೆದುಕೊಂಡು ಕಟ್ಟೆಗೆ ಹೋದೆ. ಸಾಲಿನಲ್ಲಿ ನನ್ನ ಮುಂದೆ ಅವಳ ಬೆನ್ನು ಇರಲಿಲ್ಲ, ಬೇಗ ಸರದಿ ಬಂತು. ಭಟ್ಟರು ಮನೆಯದ್ದನ್ನು ಎರೆದು ಎರಡನೆಯದನ್ನು ಕೈಯಲ್ಲಿ ಹಿಡಿದು ನನ್ನನ್ನು ನೋಡಿದರು. ಆಚೆಯದ್ದು ಎಂದೆ. ಅವರಿಗೆ ಗೊತ್ತಾಯಿತು. ಸ್ವಲ್ಪ ಯೋಚನೆ ಮಾಡಿದರು.

"ಅವರ ಹೆಸರು ಈ ವರ್ಷ ಹೇಳುವ ಹಾಗಿಲ್ಲ. ಯಾರ ಹೆಸರಿಗೆ ಎರೆಯುದು?"

ನನ್ನ ಹೆಸರು ಹೇಳಿದೆ, ನಕ್ಷತ್ರ ಹೇಳಿದೆ. ಹಿಂದೆ ಸಾಲಿನಲ್ಲಿ ನಿಂತವರಿಗೂ ಕೇಳಲಿ ಎಂದು ಗಟ್ಟಿಯಾಗಿಯೇ ಹೇಳಿದೆ.